ಈಜು ಕೆರೆಯ ಏರಿ ಸೋರಿದ್ದು, ಕತ್ತರಿಸಿ ಮತ್ತೆ ಕಟ್ಟಿದ್ದು

ಸಕಲೇಶಪುರದ ಹತ್ತಿರ ನಮ್ಮದು ಕಾಫಿ ತೋಟ. ತೋಟದ ತಗ್ಗಿನಲ್ಲಿ ಹರಿಯುವ ಹಳ್ಳಕ್ಕೆ ಅಡ್ಡವಾಗಿ 1994ರಲ್ಲಿ ಅಪ್ಪ ಒಂದು ಮಣ್ಣಿನ ಏರಿ ಹಾಕಿಸಿದ್ದರು. ಗಿಡಕ್ಕೆ ನೀರು ಹಾಯಿಸೋಕೆ ಬೇರೆ ಕೆರೆ ಇದೆ. ಇದು ಈಜೋಕೆ, ಗಾಳ ಹಾಕೋಕೆ, ರಜೆಗೆ ಬಂದ ನೆಂಟರ ಮಕ್ಕಳು ತೆಪ್ಪದಲ್ಲಿ ಸುತ್ತೋಕೆ. ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡು ನಾನು ಈಜು ಕಲಿತದ್ದು ಇದರಲ್ಲೇ.

ಏರಿ 155 ಅಡಿ ಉದ್ದ. ಹಳ್ಳದ ನಡುವೆ 14 ಅಡಿ ಎತ್ತರ. ಮೇಲೆ 8 ಅಡಿ ಅಗಲ. ಎರಡೂ ಬದಿ ಇಳಿಜಾರು ಒಂದಕ್ಕೆ ಎರಡರಂತೆ. ತುಂಬಿದರೆ ನೀರು 30 ಗುಂಟೆಗೆ ಹರಡುತ್ತದೆ, ಸುಮಾರು 55 ಲಕ್ಷ ಲೀಟರ್. ಏರಿಯಿಂದ 200 ಮೀಟರ್ ಕೆಳಗೆ ನಮ್ಮ ಲೈನ್ ಮನೆಗಳು, ಅಂದರೆ ತೋಟದ ಕೆಲಸದವರ ಸಾಲು ಮನೆಗಳು, ನಾಲ್ಕು ಸಂಸಾರ. ಅದರಾಚೆ ಪಕ್ಕದವರ ಗದ್ದೆ. ನಾನು ಮಾಡಿದ ತಪ್ಪುಗಳಿಂದ ಅಪಾಯ ಇದ್ದದ್ದು ಅವರಿಗೆ. ಅದಕ್ಕೇ ಒಂದನ್ನೂ ಬಿಡದೆ ಬರೆಯುತ್ತಿದ್ದೇನೆ.

1. ಒದ್ದೆ ಜಾಗ (2023 ಸೆಪ್ಟೆಂಬರ್ 10)

ಆ ವರ್ಷ ಮುಂಗಾರು ಕೈಕೊಟ್ಟಿತ್ತು. ಆಗಸ್ಟ್ ಪೂರ್ತಿ ಬಿಸಿಲು. ಹಾಗಿದ್ದೂ ಏರಿಯ ಹಿಂಬದಿ ಬುಡದಲ್ಲಿ ಒಂದು ಕಡೆ ಮಾತ್ರ ಕೆಸುವಿನ ಗಿಡ ಹಸಿರಾಗಿ ನಿಂತಿತ್ತು. ಕಾಲಿಟ್ಟರೆ ಪಾದ ಹೂತಿತು. ಗಿಡ ಸರಿಸಿ ನೋಡಿದೆ. ಹೆಬ್ಬೆರಳಿನಷ್ಟು ದಪ್ಪ ನೀರು ಬರುತ್ತಿತ್ತು.

ಗುದ್ದಲಿಯಲ್ಲಿ ಸಣ್ಣ ಕಾಲುವೆ ತೆಗೆದು, ಎರಡು ಅಡಿ ಪಿವಿಸಿ ತುಂಡು ಕೂರಿಸಿ, 20 ಲೀಟರಿನ ಬಕೆಟ್ ಇಟ್ಟೆ. ತುಂಬೋಕೆ 75 ಸೆಕೆಂಡ್. ಅಂದರೆ ನಿಮಿಷಕ್ಕೆ 16 ಲೀಟರ್.

ಅದೇ ನೀರನ್ನು ಒಂದು ಬಾಟಲಿಗೆ ಹಿಡಿದು ಜಗಲಿ ಕಟ್ಟೆಯ ಮೇಲೆ ಇಟ್ಟೆ. ಬೆಳಿಗ್ಗೆ ನೋಡಿದರೆ ತಳದಲ್ಲಿ ಕೆಂಪು ಮಣ್ಣು, ಅರ್ಧ ಬೆರಳಿನಷ್ಟು. ಅದರ ಅರ್ಥ ಅಂದು ನನಗೆ ತಿಳಿಯಲಿಲ್ಲ. ಎಲ್ಲ ಏರಿಯೂ ಸ್ವಲ್ಪ ಜಿನುಗುತ್ತದೆ ಎಂದುಕೊಂಡೆ. ಜಿನುಗೋದು ನಿಜ. ಆದರೆ ತಿಳಿನೀರು ಜಿನುಗೋದು ಬೇರೆ, ಮಣ್ಣು ಹೊತ್ತುಕೊಂಡು ಬರೋದು ಬೇರೆ. ಮಣ್ಣು ಬರುತ್ತಿದೆ ಎಂದರೆ ಏರಿಯ ಒಳಗೆ ಎಲ್ಲೋ ಟೊಳ್ಳು ಬೆಳೆಯುತ್ತಿದೆ ಎಂದು ಅರ್ಥ.

2. ಮೊದಲ ತಪ್ಪು: ಬೆಂಟೊನೈಟ್ (ಅಕ್ಟೋಬರ್)

ಬೋರ್‌ವೆಲ್ ಕೆಲಸದವರೊಬ್ಬರ ಮಾತು ಕೇಳಿ 12 ಚೀಲ ಬೆಂಟೊನೈಟ್ ಪುಡಿ ತಂದೆ. ನೆನೆದರೆ ಉಬ್ಬುವ ಜೇಡಿ ಅದು. ತೆಪ್ಪದಲ್ಲಿ ಕೂತು, ಒಳಬದಿಯಲ್ಲಿ ಒದ್ದೆ ಜಾಗಕ್ಕೆ ನೇರವಾಗಿ ಕಂಡಲ್ಲಿ ಸುರಿದೆವು. ಪುಡಿ ಅಂಬಲಿಯ ಹಾಗೆ ಹರಡಿ ಹೋಯಿತು. ಸೋರಿಕೆ ಒಂದು ಲೋಟದಷ್ಟೂ ಕಮ್ಮಿ ಆಗಲಿಲ್ಲ. ನೀರು ಒಳಗೆ ಹೋಗುವ ಬಾಯಿ ಎಲ್ಲಿದೆ ಎಂದು ಗೊತ್ತಿಲ್ಲದೆ ಸುಮ್ನೆ ಸುರಿದದ್ದು. 4,200 ರೂಪಾಯಿ ಹೋಯಿತು.

3. ದೊಡ್ಡ ತಪ್ಪು: ಸಿಮೆಂಟ್ (ನವೆಂಬರ್)

ನವೆಂಬರ್ 12ಕ್ಕೆ ಮತ್ತೆ ಅಳೆದೆ. ಕೆರೆಯ ನೀರು ಅರ್ಧ ಅಡಿ ಇಳಿದಿತ್ತು. ಬಕೆಟ್ ಮಾತ್ರ 50 ಸೆಕೆಂಡಿಗೇ ತುಂಬಿತು. ನಿಮಿಷಕ್ಕೆ 24 ಲೀಟರ್. ನೀರು ಇಳಿದರೂ ಸೋರಿಕೆ ಏರಿದೆ. ಅವತ್ತೇ ತಿಳಿದವರನ್ನು ಕರೆಯಬೇಕಿತ್ತು.

ಕರೆಯಲಿಲ್ಲ. ನೀರು ಬರುವ ಜಾಗದಲ್ಲಿ ಎರಡು ಅಡಿ ಅಗೆದು, ಕಲ್ಲು ಜಡಿದು, ಸಿಮೆಂಟ್ ಮೆತ್ತಿಸಿದೆ. ಮೂರು ದಿನ ಪೂರ್ತಿ ಒಣಗಿತ್ತು. ಎಲ್ಲರಿಗೂ ಖುಷಿ. ನಾಲ್ಕನೇ ದಿನ ಸಂಜೆ ಲೈನ್ ಮನೆಯ ಹುಡುಗ ಓಡಿ ಬಂದ. "ಅಣ್ಣಾ, ಏರಿ ಬೆವರ್ತಾ ಇದೆ" ಅಂದ. ಹೋಗಿ ನೋಡಿದರೆ, ಸಿಮೆಂಟ್ ಹಾಕಿದ ಜಾಗದಿಂದ ಆರು ಅಡಿ ಎಡಕ್ಕೆ, ಎರಡು ಅಡಿ ಮೇಲೆ, ಹುಲ್ಲಿನ ನಡುವೆ ಕೆಂಪು ನೀರು ಉಕ್ಕುತ್ತಿತ್ತು. ಸುತ್ತಲಿನ ಮಣ್ಣು ಕೈ ಇಟ್ಟರೆ ಹಿಟ್ಟಿನ ಹಾಗೆ ಅದುರುತ್ತಿತ್ತು.

ನೀರಾವರಿ ಇಲಾಖೆಯಿಂದ ನಿವೃತ್ತರಾದ ಎಂಜಿನಿಯರ್ ಒಬ್ಬರು ಅಮ್ಮನ ಕಡೆ ನೆಂಟರು. ನಾನು ಮಾವ ಅಂತ ಕರೆಯುತ್ತೇನೆ. ಫೋನ್ ಮಾಡಿದೆ. "ಮೊದಲು ಆ ಸಿಮೆಂಟ್ ಕಿತ್ತು ಹಾಕು. ಈಗಲೇ. ಲೈನ್ ಮನೆಯವರನ್ನ ಮೇಲಕ್ಕೆ ಕರ್ಕೊಂಡು ಬಾ" ಅಂದರು. ನಾಲ್ಕೂ ಸಂಸಾರ ಆ ರಾತ್ರಿ ನಮ್ಮ ಕಾಫಿ ಗೋಡೌನಿನಲ್ಲಿ ಮಲಗಿತು. ಟಾರ್ಚ್ ಹಿಡಿದು ಹಾರೆಯಲ್ಲಿ ಸಿಮೆಂಟ್ ಒಡೆಯೋಕೆ ನಮಗೆ ಎರಡು ಗಂಟೆ ಬೇಕಾಯಿತು. ಒಡೆದ ಮೇಲೆ ಮೇಲಿನ ಒಸರು ನಿಧಾನಕ್ಕೆ ನಿಂತಿತು.

ಬೆಳಿಗ್ಗೆ ಮಾವ ಬಂದರು. ಮಾಡಿಸಿದ್ದು ತುಂಬ ಸರಳ ಕೆಲಸ. ನೀರು ಬರುವ ಜಾಗದ ಮೇಲೆ ಒಂದು ಅಡಿ ಎಂ-ಸ್ಯಾಂಡ್. ಅದರ ಮೇಲೆ ಅರ್ಧ ಅಡಿ ಸಣ್ಣ ಜಲ್ಲಿ. ಅದರ ಮೇಲೆ ಒಂದು ಅಡಿ ದಪ್ಪ ಜಲ್ಲಿ. ಸುತ್ತ ಆರಾರು ಅಡಿ. "ನೀರು ಹೋಗಲಿ ಕಣಪ್ಪ, ಮಣ್ಣು ಹೋಗಬಾರದು" ಅಂದರು. ಎರಡು ದಿನ ಬಿಟ್ಟು ಹಿಡಿದ ಬಾಟಲಿಯ ತಳದಲ್ಲಿ ಮಣ್ಣಿನ ಗೆರೆಯೇ ಇರಲಿಲ್ಲ. ನೀರಿನ ಅಳತೆ ಅಷ್ಟೇ ಇತ್ತು, 24 ಲೀಟರ್. ಸೋರಿಕೆಗೆ ಹಿಂಬದಿಯಿಂದ ಬಿರಡೆ ಹಾಕಬಾರದು ಎಂದು ನಾನು ಕಲಿತದ್ದು ಹೀಗೆ.

4. ಕೋಡಿಯ ಬಲೆ

ಮಾವ ಏರಿಯ ಉದ್ದಕ್ಕೂ ನಡೆದು ಕೋಡಿಯ ಹತ್ತಿರ, ಅಂದರೆ ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಗೆ ಹರಿಯುವ ಜಾಗದ ಹತ್ತಿರ ನಿಂತರು. "ಈ ಬಲೆ ಯಾಕೆ?" ಅಂದರು. ಕಾಟ್ಲಾ, ರೋಹು ಮೀನು ಕೋಡಿಯಲ್ಲಿ ಹೊರಗೆ ಹೋಗದಿರಲಿ ಅಂತ ಕಬ್ಬಿಣದ ಬಲೆ ಕಟ್ಟಿದ್ದೆವು. 2015ರಲ್ಲಿ ಕೋಡಿಯ ಮೇಲೆ ಒಂದು ಅಡಿ ಕಲ್ಲೂ ಏರಿಸಿದ್ದೆವು. ಮಕ್ಕಳು ಮೇಲಿನಿಂದ ಹಾರೋಕೆ ಆಳ ಬೇಕು ಅಂತ. ಕೋಡಿಯ ಅಗಲ ನಾಲ್ಕೇ ಅಡಿ. ಅದಾದ ಮೇಲೆ ಒಮ್ಮೆ ಜುಲೈ ಕೊನೆಯ ಮಳೆಯಲ್ಲಿ ಸಿಲ್ವರ್ ಓಕ್ ಎಲೆ ಬಲೆಗೆ ಅಡರಿ, ನೀರು ಏರಿಯ ಮೇಲ್ಮಟ್ಟಕ್ಕೆ ನಾಲ್ಕು ಇಂಚು ಬಾಕಿ ಇರುವಷ್ಟು ಏರಿತ್ತು. ಕೋಲಿನಲ್ಲಿ ಎಲೆ ಕೆರೆದು ಮನೆಗೆ ಬಂದಿದ್ದೆ, ಅಷ್ಟೇ.

ಆಗ ಅವರು ಅಮೆರಿಕದ ಪೆನ್ಸಿಲ್ವೇನಿಯಾದ ಸೌತ್ ಫೋರ್ಕ್ ಅಣೆಕಟ್ಟಿನ ವಿಷಯ ಹೇಳಿದರು. ಅದೂ ಮಣ್ಣಿನ ಏರಿ. ಅದೂ ಖಾಸಗಿ. ಶ್ರೀಮಂತರ ಮೀನು ಹಿಡಿಯುವ, ಬೇಟೆಯಾಡುವ ಕ್ಲಬ್ಬಿನದು, ದೋಣಿ ಬಿಟ್ಟುಕೊಂಡು ಬೇಸಿಗೆ ಕಳೆಯೋಕೆ ಇಟ್ಟುಕೊಂಡದ್ದು. ನೀರು ಇಳಿಸುವ ತೂಬಿನ ಪೈಪುಗಳನ್ನು ಹಿಂದಿನ ಮಾಲೀಕರ ಕಾಲದಲ್ಲೇ ಕಿತ್ತಿದ್ದರು, ಮತ್ತೆ ಹಾಕಲೇ ಇಲ್ಲ. ಮೇಲೆ ಗಾಡಿ ಓಡಾಡಲಿ ಅಂತ ಏರಿಯನ್ನು ತಗ್ಗಿಸಿದ್ದರು. ಕೋಡಿಗೆ ಮೀನು ತಡೆಯುವ ಜಾಲರಿ ಹಾಕಿದ್ದರು. 1889ರ ಮೇ 31ರಂದು ಮಳೆಗೆ ಕೆರೆ ತುಂಬಿ, ನೀರು ಏರಿಯ ಮೇಲೆ ಹರಿದು ಒಡೆಯಿತು. ಕೆಳಗಿನ ಜಾನ್ಸ್‌ಟೌನ್ ಪೇಟೆ ಕೊಚ್ಚಿಹೋಗಿ 2,209 ಜನ ಸತ್ತರು. ಅದು 72 ಅಡಿ ಎತ್ತರದ ಏರಿ, ನಮ್ಮದು 14 ಅಡಿ. ಆದರೂ ಅದೇ ಬಲೆ, ಅದೇ ಕಾರಣಕ್ಕೆ. ಅವರು ಇನ್ನೂ ಮಾತಾಡುತ್ತಿರುವಾಗಲೇ ನಾನು ಕಟಿಂಗ್ ಪ್ಲೇಯರ್ ತಂದು ಬಲೆ ಕತ್ತರಿಸಿದೆ.

5. ನೀರು ಇಳಿಸಿದ್ದು (2024 ಫೆಬ್ರವರಿ 2ರಿಂದ 9)

ಕಾಫಿ ಕೊಯ್ಲು ಮುಗಿದ ಮೇಲೆ ಕೆಲಸ ಶುರು. ಒಳಗೆ 9 ಅಡಿ ನೀರಿತ್ತು. ಏರಿಯ ಬುಡದಲ್ಲಿ 6 ಇಂಚಿನ ಪಿವಿಸಿ ಪೈಪ್ ಇದೆ. 2011ರಲ್ಲಿ ಹಳೆಯ ಕಲ್ಲಿನ ತೂಬು ಕಟ್ಟಿಕೊಂಡಾಗ, ಏರಿಯನ್ನು ಜೆಸಿಬಿಯಲ್ಲಿ ಸೀಳಿ ಹಾಕಿಸಿದ್ದು. ವಾಲ್ವ್ ಹೊರತುದಿಯಲ್ಲಿ.

ಸಂಜೆ ಆರಕ್ಕೆ ಆ ವಾಲ್ವ್ ಪೂರ್ತಿ ತಿರುಗಿಸಿ ಮನೆಗೆ ಹೋದೆ. ಬೆಳಿಗ್ಗೆ ಎಂಟಕ್ಕೆ ಬಂದರೆ ಮೂರು ಅಡಿ ನೀರು ಇಳಿದಿತ್ತು. ಒಳಬದಿಯ ಇಳಿಜಾರಿನಲ್ಲಿ 20 ಅಡಿ ಉದ್ದದ ಬಿರುಕು. ಅದರ ಕೆಳಗಿನ ಮಣ್ಣು ಒಂದು ಅಡಿ ಜಾರಿತ್ತು. ನೆನೆದ ಮಣ್ಣನ್ನು ಒಳಗಿನ ನೀರೇ ಒತ್ತಿ ಹಿಡಿದಿರುತ್ತದೆ. ಅದನ್ನು ಗಬಕ್ಕನೆ ತೆಗೆದರೆ ಮಣ್ಣು ಜಾರುತ್ತದೆ. ದಿನಕ್ಕೆ ಒಂದು ಅಡಿಗಿಂತ ಜಾಸ್ತಿ ಇಳಿಸಬೇಡ ಅಂತ ಮಾವ ಮೊದಲೇ ಹೇಳಿದ್ದರು. ನಾನು ಅಳತೆ ಕೋಲು ನೆಟ್ಟಿರಲಿಲ್ಲ.

ವಾಲ್ವ್ ಮುಚ್ಚಿ, 4 ಇಂಚಿನ, ಗಟ್ಟಿ ಪ್ಲಾಸ್ಟಿಕ್ಕಿನ ಎಚ್‌ಡಿಪಿಇ ಪೈಪನ್ನು ಏರಿಯ ಮೇಲಿನಿಂದ ದಾಟಿಸಿ ಸೈಫನ್ ಮಾಡಿದೆವು. ಎರಡೂ ತುದಿ ಕಟ್ಟಿ, ನಡುವಿನ ಮೂರು ಬಾಯಿಯ ಟೀ ಜೋಡಣೆಯಿಂದ ನೀರು ತುಂಬಿ, ಒಟ್ಟಿಗೆ ಬಿಡಬೇಕು. ಮೂರನೇ ಸಲಕ್ಕೆ ಹಿಡಿಯಿತು. ಉಳಿದದ್ದು ದಿನಕ್ಕೆ ಒಂದು ಅಡಿಯಂತೆ ಇಳಿಯಿತು. ಮೀನನ್ನು ಊರಿಗೆಲ್ಲ ಹಂಚಿದೆವು.

6. ಏರಿ ಕತ್ತರಿಸಿದ್ದು (ಫೆಬ್ರವರಿ 26ರಿಂದ 28)

ಎರಡೂವರೆ ವಾರ ಒಣಗಲು ಬಿಟ್ಟು ಜೆಸಿಬಿ ಕರೆಸಿದೆ. ನೇರ ಗೋಡೆಯ ಹಾಗೆ ಕತ್ತರಿಸಬಾರದು. ಕೆಳಗೆ ನಾಲ್ಕು ಅಡಿ ಅಗಲ, ಎರಡೂ ಬದಿ ಒಂದಕ್ಕೆ ಒಂದು ಇಳಿಜಾರು. ಮೇಲೆ ಬರುವಾಗ 32 ಅಡಿ ಅಗಲದ ಬಾಯಿ. ಒಳಗೆ ಇಳಿದವರ ಮೇಲೆ ಮಣ್ಣು ಕುಸಿಯಬಾರದು, ಹೊಸ ಮಣ್ಣು ಹಳೆಯದಕ್ಕೆ ಕಚ್ಚಿಕೊಳ್ಳಬೇಕು. ಎರಡಕ್ಕೂ ಇಳಿಜಾರೇ ಬೇಕು.

ಮೇಲಿನ ಮೂರು ಅಡಿಯಲ್ಲಿ ಏಡಿ ಬಿಲಗಳು ಸಿಕ್ಕವು, ಹನ್ನೊಂದು. 2019ರ ಜುಲೈನಲ್ಲಿ ರತ್ನಾಗಿರಿ ಜಿಲ್ಲೆಯ ತಿವರೆ ಅಣೆಕಟ್ಟು ಒಡೆದಾಗ ಅಲ್ಲಿನ ಸಚಿವರೊಬ್ಬರು ಏಡಿಗಳೇ ಕಾರಣ ಅಂದಿದ್ದರು. ನಮ್ಮಲ್ಲೂ ಏಡಿಯೇ ಇರಬೇಕು ಅಂತ ಮೇಸ್ತ್ರಿ ಅಂದರು. ಆದರೆ ಯಾವ ಬಿಲವೂ ನಾಲ್ಕು ಅಡಿಗಿಂತ ಒಳಗೆ ಹೋಗಿರಲಿಲ್ಲ.

ಕಾರಣ ಸಿಕ್ಕಿದ್ದು 13 ಅಡಿ ಆಳದಲ್ಲಿ. ಪೈಪಿನ ಮೇಲಿನ ಮಣ್ಣನ್ನು ಕೈಯಲ್ಲೇ ಬಿಡಿಸಿದೆವು. ಪೈಪಿನ ಮೇಲೆ, ಪಕ್ಕದಲ್ಲಿ ಮಣ್ಣು ಗಟ್ಟಿ. ಕೆಳಗೆ ಏನೂ ಇಲ್ಲ. ಅಲ್ಲಿ ಕೈ ಹಾಕಿದೆ, ಮೊಣಕೈವರೆಗೂ ಹೋಯಿತು. ಒಳಗೆ ತಣ್ಣಗೆ, ನುಣ್ಣಗೆ, ಕುಂಬಾರ ಸವರಿಟ್ಟ ಮಡಕೆಯ ಒಳಮೈ ಥರ. ತುದಿಯಲ್ಲಿ ಬೆರಳಿಗೆ ಒಂದು ಕಾಫಿ ಎಲೆ ಸಿಕ್ಕಿತು. ಕೆರೆಯೊಳಗಿನಿಂದ ಬಂದ ಎಲೆ. ಅಲ್ಲಿಗೆ ನೀರಿನ ದಾರಿ ಪೂರ್ತಿ ತೆರೆದಿತ್ತು.

2011ರಲ್ಲಿ ಜೆಸಿಬಿಯ ಬಕೆಟ್ಟಿನಿಂದ ಮಣ್ಣು ತಳ್ಳಿ, ಮೇಲಿನಿಂದ ನಾಲ್ಕು ಸಲ ಬಡಿದು ಬಿಟ್ಟಿದ್ದೆವು. ದುಂಡು ಪೈಪಿನ ಕೆಳಹೊಟ್ಟೆಗೆ, ಮಣ್ಣು ಬಡಿದು ಗಟ್ಟಿ ಮಾಡುವ ದಮ್ಮಸು ಮುಟ್ಟುವುದಿಲ್ಲ. ಅಲ್ಲಿ ಉಳಿದ ಸಡಿಲ ಮಣ್ಣನ್ನು ನೀರು ಹನ್ನೆರಡು ವರ್ಷ ಕೊಂಚ ಕೊಂಚ ತಿಂದಿದೆ. ಅಪ್ಪ ಕಟ್ಟಿಸಿದ ಏರಿಗೆ ಏನೂ ಆಗಿರಲಿಲ್ಲ. ಸೋರಿದ್ದು ನಾನು ನಿಂತು ಸೀಳಿಸಿದ ಜಾಗ.

7. ಮಣ್ಣು ಮತ್ತು ದಮ್ಮಸು (ಫೆಬ್ರವರಿ 29ರಿಂದ ಮಾರ್ಚ್ 10)

ಅಗೆದ ಮಣ್ಣನ್ನೇ ಎರಡೂ ಬದಿಗೆ ಬಳಸಿದೆವು. ನಡುವಿನ ಭಾಗಕ್ಕೆ ಜೇಡಿಮಣ್ಣು ಬೇಕಿತ್ತು. ಮೂರು ಕಡೆಯ ಮಣ್ಣು ಪರೀಕ್ಷಿಸಿದೆವು. ಮಾವ ಹೇಳಿಕೊಟ್ಟ ವಿಧಾನ ಇದು: ಮಣ್ಣನ್ನು ಕಲಸಿ, ಕಿರುಬೆರಳಿನ ದಪ್ಪಕ್ಕೆ ಹೊಸೆದು, ಕೋಡುಬಳೆಯ ಹಾಗೆ ಸುತ್ತಿ ತುದಿ ಕೂಡಿಸಬೇಕು. ಬಿರುಕು ಬಿಡದಿದ್ದರೆ ಒಳ್ಳೆಯ ಜೇಡಿ. ಗುಡ್ಡದ ಜಂಬಿಟ್ಟಿಗೆ ಮಣ್ಣು ಹೊಸೆಯುವಾಗಲೇ ಪುಡಿಯಾಯಿತು. ಕೆರೆಯ ಹೂಳು ಸುತ್ತಿಕೊಂಡಿತು, ಆದರೆ ಒಣಗಿದಾಗ ಸೀಳಿತು, ಅದರಲ್ಲಿ ಎಲೆಗೊಬ್ಬರ ಜಾಸ್ತಿ. ಪಾಳು ಬಿದ್ದ ಗದ್ದೆಯೊಂದರ ಎರಡು ಅಡಿ ಕೆಳಗಿನ ಜೇಡಿ ಚೆನ್ನಾಗಿ ನಿಂತಿತು. 14 ಟಿಪ್ಪರ್ ತಂದೆವು.

ಹದಕ್ಕೆ ಇನ್ನೊಂದು ಪರೀಕ್ಷೆ. ಮುಷ್ಟಿಯಲ್ಲಿ ಉಂಡೆ ಕಟ್ಟಿ ಸೊಂಟದ ಎತ್ತರದಿಂದ ಬಿಡಬೇಕು. ಎರಡು ಮೂರು ಹೋಳಾದರೆ ಸರಿ. ಪುಡಿಯಾದರೆ ನೀರು ಚಿಮುಕಿಸಬೇಕು. ಚಪ್ಪಟೆ ಕೂತರೆ ಒಣಗಲು ಬಿಡಬೇಕು.

ಇಲ್ಲೂ ಒಂದು ತಪ್ಪು. ಬಾಡಿಗೆಗೆ ಪ್ಲೇಟ್ ಕಂಪ್ಯಾಕ್ಟರ್ ತಂದೆ. ಮರಳು, ಜಲ್ಲಿಗೆ ಅದು ಒಳ್ಳೆಯದು. ಜೇಡಿಯ ಮೇಲೆ ಬರೀ ಜಾರಿತು, ಮೇಲಿನ ಒಂದಿಂಚು ಮಾತ್ರ ನುಣುಪಾಯಿತು. ಎರಡು ದಿನದ ಕೆಲಸ ಕಿತ್ತು ಮತ್ತೆ ಮಾಡಿದೆವು. ಆಮೇಲೆ ಕುಣಿಯುವ ದಮ್ಮಸು ಮಶಿನ್, ಅಂದರೆ ರ‍್ಯಾಮರ್ ತಂದೆ. 6 ಇಂಚು ಸಡಿಲ ಮಣ್ಣು ಹರಡೋದು, ಅದು 4 ಇಂಚಿಗೆ ಇಳಿಯುವವರೆಗೆ ಬಡಿಯೋದು, ಪಿಕಾಸಿಯಲ್ಲಿ ಮೇಲ್ಮೈ ಕೆರೆದು ನೀರು ಚಿಮುಕಿಸಿ ಮುಂದಿನ ಪದರ. ದಿನಕ್ಕೆ ಏಳು ಪದರ. ಒಟ್ಟು 42. ಒಂದೊಂದು ಪದರಕ್ಕೂ ಸುಣ್ಣದಲ್ಲಿ ಗೆರೆ ಎಳೆದು ನಂಬರ್ ಹಾಕಿದೆವು. ಯಾರಿಗೂ ಅವಸರ ಮಾಡೋಕೆ ಆಗಬಾರದು ಅಂತ.

8. ಹೊಸ ಪೈಪು

ಇದು ಪದರಗಳ ಜೊತೆಜೊತೆಗೇ ನಡೆದ ಕೆಲಸ. 6 ಇಂಚಿನ ಎಚ್‌ಡಿಪಿಇ, ಜೋಡಣೆಯೆಲ್ಲ ಬಿಸಿ ಮಾಡಿ ಬೆಸೆದದ್ದು. ಪೈಪಿನ ಅರ್ಧದವರೆಗೆ ಕಾಂಕ್ರೀಟ್ ತೊಟ್ಟಿಲು. ಅದರ ಬದಿಗಳು ಇಳಿಜಾರು, ಹಾಗಾಗಿ ಮಣ್ಣು ಒತ್ತಿ ಕೂರುತ್ತದೆ, ಕೆಳಹೊಟ್ಟೆಯಲ್ಲಿ ಟೊಳ್ಳು ಉಳಿಯೋಕೆ ಜಾಗವೇ ಇಲ್ಲ. ವಾಲ್ವ್ ಈಗ ಒಳತುದಿಯಲ್ಲಿ. ಮುಚ್ಚಿದಾಗ ಏರಿಯೊಳಗಿನ ಪೈಪ್ ಖಾಲಿ ಇರುತ್ತದೆ. ಮೊದಲು ವರ್ಷಪೂರ್ತಿ ಒತ್ತಡದಲ್ಲಿ ತುಂಬಿರುತ್ತಿತ್ತು.

ಹೊರಬದಿಯ ಮೂರನೇ ಒಂದು ಭಾಗದಲ್ಲಿ, ಪೈಪಿನ ಸುತ್ತ ಎಲ್ಲ ದಿಕ್ಕಿಗೂ ಮೂರು ಅಡಿ ಮರಳಿನ ಅಡ್ಡಗೋಡೆ ಇಟ್ಟೆವು. ಅಲ್ಲಿಂದ ಜಲ್ಲಿಯ ದಾರಿ ಬುಡದವರೆಗೆ. ಪೈಪಿನ ಗುಂಟ ನೀರು ಬಂದರೂ ಮರಳಿನಲ್ಲಿ ಮಣ್ಣು ನಿಲ್ಲುತ್ತದೆ, ನೀರು ಮಾತ್ರ ಹೊರಗೆ ಬರುತ್ತದೆ.

9. ಆನೆ (ಮಾರ್ಚ್ 11 ರಾತ್ರಿ)

ನಮ್ಮ ಕಡೆ ಆನೆ ಹೊಸದಲ್ಲ. ಕೊನೆಯ ಪದರ ಮುಗಿದ ಮರುದಿನ ರಾತ್ರಿ ಒಂದು ಸಲಗ ನೀರು ಹುಡುಕಿಕೊಂಡು ಏರಿ ಹತ್ತಿ ಇಳಿದಿತ್ತು. ಬೆಳಿಗ್ಗೆ ಹೆಜ್ಜೆ ನೋಡಿ ಎದೆ ಧಸಕ್ಕೆಂದಿತು. ಆಮೇಲೆ ಟೇಪ್ ಹಿಡಿದು ಒಂದೊಂದೇ ಹೆಜ್ಜೆ ಅಳೆದೆವು. ನಡುವೆ ಬರೀ ಉಗುರಿನ ಗುರುತು, ಅರ್ಧ ಇಂಚು. ಹಳೆಯ ಮಣ್ಣು ಹೊಸ ಮಣ್ಣು ಕೂಡುವ ಎಡ ಅಂಚಿನಲ್ಲಿ ಮಾತ್ರ ಒಂದು ಗೇಣು ಆಳ. ಅಲ್ಲಿ ಮಶಿನ್ ತಿರುಗಿಸೋಕೆ ಕಷ್ಟ ಅಂತ ಹುಡುಗರು ಬಿಟ್ಟಿದ್ದರು. ಆ ಜಾಗ ಮೂರು ಅಡಿ ಅಗೆದು, ಕೈದಮ್ಮಸಿನಲ್ಲಿ ಮತ್ತೆ ಬಡಿದೆವು. ಆನೆ ಬಾರದಿದ್ದರೆ ನಮಗೆ ತಿಳಿಯುತ್ತಿರಲಿಲ್ಲ.

10. ಕೋಡಿ ಮತ್ತು ನೇರಳೆ ಮರ

ಏರಿಸಿದ್ದ ಕಲ್ಲು ತೆಗೆದು, ಇನ್ನೂ ಅರ್ಧ ಅಡಿ ತಗ್ಗಿಸಿದೆವು. ಅಗಲ ನಾಲ್ಕರಿಂದ 12 ಅಡಿಗೆ. ಈಗ ಕೋಡಿಯ ಮಟ್ಟ ಏರಿಯ ಮೇಲ್ಮಟ್ಟಕ್ಕಿಂತ ಮೂರು ಅಡಿ ಕೆಳಗೆ. ನೀರಿನ ಆಳ ಒಂದೂವರೆ ಅಡಿ ಕಮ್ಮಿಯಾಯಿತು. ಮಕ್ಕಳಿಗೆ ಬೇಜಾರು. ಮೆಟ್ಟಿಲ ಹತ್ತಿರ ಹೂಳು ಎರಡು ಅಡಿ ತೆಗೆಸಿ ಆಳ ಕೊಟ್ಟೆವು. ಅಗೆದದ್ದು ಏರಿಯಿಂದ 30 ಅಡಿ ದೂರದಲ್ಲಿ.

ಏರಿಯ ಮೇಲೆ ಅಮ್ಮ ನೆಟ್ಟ ನೇರಳೆ ಮರ ಇತ್ತು. ಅದರ ಬೇರು ಒಂದು ಅಗೆತದಲ್ಲಿ 11 ಅಡಿ ಉದ್ದ ಸಿಕ್ಕಿತು. ಮರ ಸತ್ತರೆ ಬೇರು ಕೊಳೆತು ಅದೇ ನೀರಿಗೆ ಕೊಳವೆಯಾಗುತ್ತದೆ. ಅಮ್ಮನಿಗೆ ಹೇಳೋಕೆ ನನಗೆ ಎರಡು ದಿನ ಬೇಕಾಯಿತು. "ಲೈನ್ ಮನೆ ಮಕ್ಕಳಿಗಿಂತ ಮರ ದೊಡ್ಡದೇನೋ?" ಅಂದರು. ಬುಡಸಮೇತ ತೆಗೆದು ಗುಂಡಿಗೆ ಪದರ ಪದರವಾಗಿ ಮಣ್ಣು ಬಡಿದೆವು. ಹಿಂಬದಿ ಇಳಿಜಾರಿಗೆ 600 ಲಾವಂಚದ ಸಸಿ, ಮೇಲೆ ಗರಿಕೆ.

11. ನೀರು ತುಂಬಿದ್ದು (2024 ಜೂನ್, ಜುಲೈ)

ಜೂನ್ ಪೂರ್ತಿ ವಾಲ್ವ್ ಅರ್ಧ ತೆರೆದಿಟ್ಟು ನಿಧಾನಕ್ಕೆ ತುಂಬಿಸಿದೆವು. ದಿನವೂ ಬೆಳಿಗ್ಗೆ ಏರಿಯ ಬುಡದಲ್ಲಿ ಒಂದು ಸುತ್ತು, ಬಕೆಟ್, ಬಾಟಲಿ, ನೋಟ್‌ಬುಕ್. ಜುಲೈನಲ್ಲಿ ಮಳೆ ಹುಚ್ಚೆದ್ದು ಸುರಿಯಿತು. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆದ ದಿನಗಳವು. ಕೋಡಿಯ ಮೇಲೆ 9 ಇಂಚು ನೀರು ಹರಿಯಿತು. ಏರಿಗೆ ಇನ್ನೂ 2 ಅಡಿ 3 ಇಂಚು ಬಾಕಿ ಇತ್ತು. ಜಲ್ಲಿಯ ದಾರಿಯಿಂದ ನಿಮಿಷಕ್ಕೆ ಎರಡು ಲೀಟರ್ ತಿಳಿನೀರು. ಬಾಟಲಿ ಒಂದು ವಾರ ಇಟ್ಟೆ. ತಳದಲ್ಲಿ ಏನೂ ಇಲ್ಲ.

ಖರ್ಚು

ಜೆಸಿಬಿ 26 ಗಂಟೆ, ಗಂಟೆಗೆ 1,300ರಂತೆ: 33,800
ಜೇಡಿಮಣ್ಣು 14 ಟಿಪ್ಪರ್: 35,000
ಕೂಲಿ, ಐದು ಜನ 9 ದಿನ, 700ರಂತೆ: 31,500
ರ‍್ಯಾಮರ್ ಬಾಡಿಗೆ 6 ದಿನ: 7,200
ಎಂ-ಸ್ಯಾಂಡ್, ಜಲ್ಲಿ: 19,500
ಪೈಪ್, ವಾಲ್ವ್, ಬೆಸುಗೆ: 14,600
ತೊಟ್ಟಿಲು, ಕೋಡಿ ಕಾಂಕ್ರೀಟ್: 16,000
ಲಾವಂಚ: 2,400
ಮಾವನ ಓಡಾಟಕ್ಕೆ (ಫೀಸು ಬೇಡ ಅಂದರು, ಇದು ಡೀಸೆಲ್‌ಗೆ): 5,000
ವ್ಯರ್ಥವಾದದ್ದು, ಬೆಂಟೊನೈಟ್ 4,200, ಸಿಮೆಂಟ್ 3,100, ಪ್ಲೇಟ್ ಕಂಪ್ಯಾಕ್ಟರ್ 1,600: 8,900
ಒಟ್ಟು: 1,73,900 ರೂಪಾಯಿ

ಬಾಕಿ ಇರುವುದು

ಹೊಸ ಮಣ್ಣು ಕೂರುತ್ತದೆ ಅಂತ ನಾಲ್ಕು ಇಂಚು ಎತ್ತರ ಬಿಟ್ಟಿದ್ದೆವು. ಮಳೆಗಾಲ ಮುಗಿಯುವಾಗ ಎರಡು ಇಂಚು ಕೂತಿದೆ. ಫೆಬ್ರವರಿಯಲ್ಲಿ ಜಾರಿದ ಒಳಬದಿಗೆ ಕಲ್ಲು ಹೊದಿಸಬೇಕು, 30 ಅಡಿ ಉದ್ದ. ಕಲ್ಲು ತಂದು ಇಳಿಸಿದೆ, ಬರುವ ಬೇಸಿಗೆಗೆ ಕೆಲಸ. ಕೋಡಿಯ ಎಲೆ ತೆಗೆಯುವ ಜವಾಬ್ದಾರಿಯನ್ನು "ಏರಿ ಬೆವರ್ತಾ ಇದೆ" ಅಂದ ಹುಡುಗ ತಾನೇ ಕೇಳಿ ತಗೊಂಡಿದ್ದಾನೆ. ಅವನ ಕೈಯಲ್ಲೇ ಈಗ ಬಾಟಲಿಯೂ ನೋಟ್‌ಬುಕ್ಕೂ ಇವೆ.